ಖಲಾಸ್ ಗುರುವಾರ

ನಾನು ಕುವೈತಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಆ ಒಂದು ಗುರುವಾರ ಏನೂ ಆಗದೆ ಸುಮ್ಮನೆ ಕಳೆದುಹೋದದ್ದೇ ಇಲ್ಲ. ಏನಾದರೊಂದು ಆಗಿಯೇ ತೀರುತ್ತದೆ. ಅದೂ ನನ್ನ ಕಣ್ಣೆದುರೇ, ಹೆಚ್ಚಿನ ಸಲ ನನ್ನ ತಲೆಯ ಮೇಲೇ.

ವಿಷಯ ಹಾಕಿ ಆಟದ್ದು. ಚಳಿಗಾಲದ ಶುಕ್ರವಾರಗಳಲ್ಲಿ ನಮ್ಮ ಊರ ಕಡೆಯವರೇ ಸೇರಿ ಬಾಡಿಗೆ ಮೈದಾನದಲ್ಲಿ ಆಡುವ ಲೀಗ್ ಒಂದಿದೆ. ನಾಲ್ಕು ಟೀಮು. ಮಿರ್ಕಾಬ್ ಪೇಟೆಯ ಅಂಗಡಿ, ಆಫೀಸುಗಳವರದು ಹಸಿರು ಜೆರ್ಸಿ. ಶುವೈಖ್‌ನ ಗ್ಯಾರೇಜು, ಗೋದಾಮಿನವರದು ಕೆಂಪು. ಶುಐಬಾದ ಕಾರ್ಖಾನೆ ಇಂಜಿನಿಯರುಗಳದು ನೀಲಿ. ಬ್ಯಾಂಕಿನವರದು ಬಿಳಿ, ಅವರು ಎಲ್ಲರ ಹತ್ತಿರವೂ ಸೋಲುತ್ತಾರಾದ್ದರಿಂದ ಅವರನ್ನು ಕಂಡರೆ ಎಲ್ಲರಿಗೂ ಪ್ರೀತಿ. ಸೀಸನ್ ಅರ್ಧ ಮುಗಿದ ಮೇಲೆ ಬರುವ ಒಂದು ಗುರುವಾರದವರೆಗೆ ಆಟಗಾರರು ಟೀಮು ಬದಲಾಯಿಸಬಹುದು. ಎರಡೂ ಟೀಮಿನ ಮ್ಯಾನೇಜರುಗಳು ತಮ್ಮದೇ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಒಪ್ಪಿಗೆ' ಅಂತ ಬರೆದರೆ ಆಯಿತು. ಸಂಜೆ ಐದಕ್ಕೆ ಬಾಗಿಲು ಬಂದ್. ಅದಕ್ಕೇ ಆ ದಿನಕ್ಕೆ ನಾವು ಖಲಾಸ್ ಗುರುವಾರ ಅನ್ನುತ್ತೇವೆ.

ನನಗೆ ಮಿರ್ಕಾಬಿನ ಒಂದು ಟ್ರಾವೆಲ್ ಆಫೀಸಿನಲ್ಲಿ ವಿಮಾನದ ಟಿಕೆಟ್ ಮಾಡುವ ಕೆಲಸ. ಹಿಂದೆ ಹಸಿರು ಟೀಮಿನ ಫುಲ್ ಬ್ಯಾಕ್ ಆಗಿದ್ದೆ. ಮಂಡಿ ಕೈಕೊಟ್ಟ ಮೇಲೆ ಬರೀ ಅಭಿಮಾನಿ. ನಮ್ಮ ಮೇಲಿನ ಮಹಡಿಯಲ್ಲಿ ಮೈಸೂರು ಕಡೆಯ ಇಂಜಿನಿಯರ್ ಒಬ್ಬರಿದ್ದಾರೆ. ಶುಐಬಾದಲ್ಲಿ ಕೆಲಸ, ನೀಲಿ ಟೀಮಿನ ಕಟ್ಟಾ ಅಭಿಮಾನಿ. ಜನ್ಮದಲ್ಲಿ ಸ್ಟಿಕ್ ಹಿಡಿದವರಲ್ಲ, ಆದರೆ ಯಾರು ಯಾವ ಟೀಮಿಗೆ ಹೋಗಬೇಕು ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಲಿಫ್ಟು ಇದ್ದರೂ ನಾವಿಬ್ಬರೂ ಮೆಟ್ಟಿಲಲ್ಲೇ ಓಡಾಡುವುದು, ವಾದ ಮಾಡಲು ಸಮಯ ಸಿಗಲಿ ಅಂತ. ನಮ್ಮಿಬ್ಬರಿಗೂ ಯಾವ ವಿಷಯದಲ್ಲೂ ಹೊಂದಾಣಿಕೆ ಇಲ್ಲ, ಹೊಟ್ಟೆಕಿಚ್ಚು ಒಂದನ್ನು ಬಿಟ್ಟು.

ಗೇರ್‌ಬಾಕ್ಸ್

ಒಂದು ವರ್ಷ ನಮ್ಮ ಸೆಂಟರ್ ಫಾರ್ವರ್ಡ್ ಭಾರೀ ಫಾರ್ಮಿನಲ್ಲಿದ್ದ. ಅವನು ಚೆಂಡು ಮುಟ್ಟಿದರೆ ಸಾಕು, ಇಂಜಿನಿಯರ್ ಸಾಹೇಬರ ಮುಖ ಹುಳಿ ತಿಂದ ಹಾಗೆ ಆಗುತ್ತಿತ್ತು. ಅದನ್ನು ನೋಡುವುದಕ್ಕೆಂದೇ ನಾನು ಅರ್ಧ ಆಟ ಮೈದಾನದ ಕಡೆಗೂ ಅರ್ಧ ಆಟ ಅವರ ಕಡೆಗೂ ತಿರುಗಿರುತ್ತಿದ್ದೆ.

ಖಲಾಸ್ ಗುರುವಾರಕ್ಕೆ ಒಂದು ದಿನ ಮುಂಚೆ ಅವನ ಹಳೇ ಕಾರು ರಸ್ತೆ ಮಧ್ಯೆ ನಿಂತುಬಿಟ್ಟಿತು. ಗೇರ್‌ಬಾಕ್ಸ್ ಹೋಗಿತ್ತು. ಎಳೆದುಕೊಂಡು ಹೋದದ್ದು ಶುವೈಖ್‌ನ ಗ್ಯಾರೇಜಿಗೆ. ಆ ಗ್ಯಾರೇಜಿನ ಮೇಸ್ತ್ರಿ ಮಂಗಳೂರಿನವರು, ಕೆಂಪು ಟೀಮಿನ ಮ್ಯಾನೇಜರೂ ಅವರೇ.

ಮರುದಿನ ನಾಲ್ಕೂವರೆಗೆ ಸೆಂಟರ್ ಫಾರ್ವರ್ಡ್ ನಮ್ಮ ಮ್ಯಾನೇಜರಿಗೆ ಫೋನ್ ಮಾಡಿ, "ಅಣ್ಣಾ, ನನ್ನನ್ನು ಬಿಟ್ಟುಬಿಡಿ, ಶುವೈಖ್‌ಗೆ ಹೋಗ್ತೇನೆ" ಅಂದ. ನಮ್ಮ ಮ್ಯಾನೇಜರು ಬಟ್ಟೆ ಅಂಗಡಿ ನಡೆಸುವವರು, ಗಿರಾಕಿಯನ್ನು ಬಾಗಿಲಿನಿಂದ ಒಳಗೆ ಎಳೆದೇ ರೂಢಿ. ನನ್ನನ್ನೂ ಕೂರಿಸಿಕೊಂಡು ಶುವೈಖ್‌ಗೆ ಗಾಡಿ ಓಡಿಸಿದರು.

ಅಲ್ಲಿ ನೋಡಿದರೆ ಕಾರು ಮೇಲೆ ನೇತಾಡುತ್ತಿದೆ. ಗೇರ್‌ಬಾಕ್ಸ್ ನೆಲದ ಮೇಲೆ ಚೂರುಚೂರಾಗಿ ಹರಡಿದೆ. ಪಕ್ಕದಲ್ಲಿ ಸೆಂಟರ್ ಫಾರ್ವರ್ಡ್ ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದಾನೆ.

"ಎಂತ ಮಾರಾಯ, ಮೂರು ವರ್ಷದ ಟೀಮು ಬಿಟ್ಟು ಹೋಗ್ತೀಯಾ?" ಅಂದರು ನಮ್ಮ ಮ್ಯಾನೇಜರು.

"ನನಗೇನು ಆಸೆಯಾ ಅಣ್ಣಾ? ಮೇಸ್ತ್ರಿ ಮೊದಲು ಪೂರ್ತಿ ಬಿಚ್ಚಿದರು. ಬಿಚ್ಚಿಟ್ಟ ಮೇಲೆ ಆಟದ ಮಾತು ತೆಗೆದರು."

"ನಮ್ಮಲ್ಲೇ ಇರು. ಎರಡು ಸೂಟು ಹೊಲಿಸಿಕೊಡ್ತೇನೆ. ಒಳ್ಳೇ ಬಟ್ಟೆ."

ಅವನು ನೆಲದ ಮೇಲಿನ ಹಲ್ಲುಚಕ್ರಗಳನ್ನು ನೋಡಿದ, ನಮ್ಮ ಮ್ಯಾನೇಜರನ್ನು ನೋಡಿದ. "ಸೂಟು ಹಾಕ್ಕೊಂಡು ಬಸ್ಸಿನಲ್ಲಿ ನೇತಾಡ್ಲಾ ಅಣ್ಣಾ?"

ನಮ್ಮ ಮ್ಯಾನೇಜರು ಬೇರೆ ದಾರಿ ಕಾಣದೆ 'ಒಪ್ಪಿಗೆ' ಬರೆದರು. ಮಾರನೇ ದಿನ ಅವನು ಕೆಂಪು ಜೆರ್ಸಿಯಲ್ಲಿ ನಮ್ಮ ಮೇಲೆಯೇ ಎರಡು ಗೋಲು ಹೊಡೆದ. ವಾಪಸ್ ಹೋಗುವಾಗ ಅವನ ಕಾರು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ನಮ್ಮನ್ನು ದಾಟಿಹೋಯಿತು. ನಮ್ಮ ಮ್ಯಾನೇಜರು ಅದು ಕಣ್ಮರೆಯಾಗುವವರೆಗೂ ನೋಡುತ್ತಾ ನಿಂತು ಹೇಳಿದರು: "ಇನ್ನು ಮೇಲೆ ಯಾರನ್ನಾದರೂ ಸೇರಿಸಿಕೊಳ್ಳುವಾಗ ಆಟ ಆಮೇಲೆ. ಮೊದಲು ಬಾನೆಟ್ ತೆಗೆಸಿ ನೋಡ್ಬೇಕು."

ರಿಲೀಸ್

ಮರುವರ್ಷ ನಮಗೆ ಮಿಡ್‌ಫೀಲ್ಡಿನಲ್ಲಿ ಒಬ್ಬ ಬೇಕಾಗಿತ್ತು. ಕೆಂಪು ಟೀಮಿನಲ್ಲಿ ಅಂಥವರು ಇಬ್ಬರಿದ್ದರು. ಅವರ ಹತ್ತಿರ ಇಬ್ಬರಿದ್ದಾರೆ, ನಮ್ಮ ಹತ್ತಿರ ಒಬ್ಬನೂ ಇಲ್ಲ ಅನ್ನುವುದನ್ನು ಯೋಚಿಸಿ ಯೋಚಿಸಿ ನನಗೆ ಊಟ ಸೇರುತ್ತಿರಲಿಲ್ಲ. ಮೇಸ್ತ್ರಿ ಹೇಳಿದರು, "ಒಬ್ಬನನ್ನು ಕೊಡ್ತೇನೆ, ನಿಮ್ಮ ಗೋಲ್‌ಕೀಪರನ್ನು ಕೊಡಿ."

ನಮ್ಮ ಗೋಲ್‌ಕೀಪರು ಹೋಟೆಲೊಂದರಲ್ಲಿ ಕ್ಯಾಷಿಯರ್. ಅವರನ್ನು ಒಂದು ಮಾತು ಕೇಳೋಣವೆಂದರೆ ಆ ಗುರುವಾರ ಅವರು ಇಕಾಮಾ ಅನ್ನುವ ವಾಸದ ಪರವಾನಗಿಯ ಕೆಲಸಕ್ಕೆಂದು ಸರದಿಯಲ್ಲಿ ನಿಂತಿದ್ದರು, ಫೋನು ಸೈಲೆಂಟು. ಐದಕ್ಕೆ ಎರಡು ನಿಮಿಷ ಇರುವಾಗ ನಮ್ಮ ಮ್ಯಾನೇಜರು 'ಒಪ್ಪಿಗೆ' ಅಂತ ಬರೆದೇಬಿಟ್ಟರು. ಗೋಲ್‌ಕೀಪರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ನೀವು ಹೇಳಿ ಅಂತ ಮ್ಯಾನೇಜರು, ನೀವೇ ಹೇಳಿ ಅಂತ ನಾನು. ಹೀಗೆ ಶುಕ್ರವಾರವೂ ಬಂತು.

ಪುಣ್ಯಾತ್ಮರು ಕಾಲಿಗೆ ಪ್ಯಾಡು ಕಟ್ಟಿಕೊಂಡು ಬಂದು ನಮ್ಮ ಗೋಲಿನಲ್ಲಿ ನಿಂತರು. ಅಲ್ಲಿ ಆಗಲೇ ಇನ್ನೊಬ್ಬ ನಿಂತಿದ್ದ.

"ಇದು ಯಾರು?" ಅಂದರು.

ನಮ್ಮ ಮ್ಯಾನೇಜರು ಅವರ ಹೆಗಲ ಮೇಲೆ ಕೈ ಹಾಕಿ ದೂರಕ್ಕೆ ಕರೆದುಕೊಂಡು ಹೋಗಿ ವಿಷಯ ಹೇಳಿದರು. ನಾನು ಹಿಂದಿನಿಂದ ನೋಡುತ್ತಿದ್ದೆ. ಈಗ ಹೊಡೆಯುತ್ತಾರೆ, ಈಗ ಹೊಡೆಯುತ್ತಾರೆ ಅಂದುಕೊಂಡರೆ ಅವರು ಹೊಡೆಯಲಿಲ್ಲ. ಹೆಲ್ಮೆಟ್ ತೆಗೆದು ಬೆಂಚಿನ ಮೇಲೆ ಕೂತುಬಿಟ್ಟರು.

"ಎಷ್ಟು ಹೊತ್ತು ಹಿಡೀತು?" ಅಂತ ಕೇಳಿದರು.

"ಯಾವುದು?"

"ನನ್ನನ್ನು ಆ ಕಡೆಗೆ ಕೊಡೋಕೆ."

"ಎರಡು ನಿಮಿಷ," ಅಂದರು ನಮ್ಮ ಮ್ಯಾನೇಜರು ತಲೆ ತಗ್ಗಿಸಿ.

"ಸಹಿ, ಮೊಹರು?"

"ಏನಿಲ್ಲ. ಒಂದು ಮೆಸೇಜು."

ಗೋಲ್‌ಕೀಪರ ಕಣ್ಣು ಒದ್ದೆಯಾಯಿತು. ಕೆಲಸ ಬದಲಾಯಿಸಬೇಕೆಂದು ವೀಸಾ ಕೊಟ್ಟ ಮಾಲೀಕ, ಅಂದರೆ ತಮ್ಮ ಕಫೀಲ್ ಹತ್ತಿರ ರಿಲೀಸ್ ಕಾಗದಕ್ಕಾಗಿ ಅವರು ಎರಡು ವರ್ಷದಿಂದ ಅಲೆಯುತ್ತಿದ್ದರು. ನಮ್ಮ ಮ್ಯಾನೇಜರ ಎರಡೂ ಕೈ ಹಿಡಿದುಕೊಂಡು ಕೇಳಿದರು: "ಅಣ್ಣಾ, ಬೈಯೋದಿಲ್ಲ, ಏನೂ ಮಾಡೋದಿಲ್ಲ. ನಮ್ಮ ಹೋಟೆಲನ್ನೂ ನೀವೇ ವಹಿಸ್ಕೊಳ್ತೀರಾ?"

ಕಿಟಕಿ ಪಕ್ಕದ ಸೀಟು

ಮೂರನೆಯ ಪ್ರಸಂಗದಲ್ಲಿ ತಪ್ಪು ಪೂರಾ ನನ್ನದೇ.

ನೀಲಿ ಟೀಮಿನಲ್ಲಿ ಕೊಡಗಿನ ಫಾರ್ವರ್ಡ್ ಒಬ್ಬ ಇದ್ದ. ಅವನ ಆಟ ನೋಡಿದರೆ ಸಂತೋಷ ಆಗಬೇಕು. ನನಗೆ ಹೊಟ್ಟೆ ಉರಿಯುತ್ತಿತ್ತು. ಆ ವರ್ಷದ ಖಲಾಸ್ ಗುರುವಾರ ಮಧ್ಯಾಹ್ನ ನೀಲಿಯವರು, "ನಿಮ್ಮ ಇಬ್ಬರು ಡಿಫೆಂಡರುಗಳನ್ನು ಕೊಟ್ಟು ಅವನನ್ನು ತಗೊಳ್ಳಿ" ಅಂತ ತಾವಾಗಿಯೇ ಹೇಳಿಕಳಿಸಿದರು. ನಮ್ಮ ಮ್ಯಾನೇಜರು ನನ್ನನ್ನು ಕೇಳಿದರು. "ಕೇಳೋದೆಂತ? ಅವರ ಮನಸ್ಸು ಬದಲಾಗುವ ಮೊದಲು ಒಪ್ಪಿಗೆ ಬರೀರಿ" ಅಂದೆ.

ಬರೆದರು. ನಾನು ಮನೆಗೆ ಬಂದವನೇ ಬಟ್ಟೆಯೂ ಬದಲಾಯಿಸದೆ ಮೆಟ್ಟಿಲು ಹತ್ತಿದೆ. ಇಂಜಿನಿಯರ ಮುಖ ನೋಡಬೇಕಿತ್ತು. ಇಷ್ಟು ವರ್ಷ ಅವರು ನನಗೆ ಕೊಟ್ಟ ಉರಿಯನ್ನೆಲ್ಲ ಒಂದೇ ಸಂಜೆಗೆ ತೀರಿಸಿಕೊಳ್ಳುವ ಅವಕಾಶ.

ಬಾಗಿಲು ತೆಗೆದರು. ನಗುತ್ತಿದ್ದರು.

"ಬನ್ನಿ ಬನ್ನಿ. ಒಳ್ಳೇ ಆಟಗಾರ ಸಿಕ್ಕಿದ ಕಣ್ರೀ ನಿಮಗೆ. ಕಾಫಿ ಕುಡೀರಿ."

"ನಿಮಗೆ ಬೇಜಾರಿಲ್ವಾ?"

"ಯಾಕ್ರೀ ಬೇಜಾರು? ಎಲ್ಲಿದ್ರೂ ಚೆನ್ನಾಗಿರ್ಲಿ."

ಕಾಫಿ ಅರ್ಧಕ್ಕೇ ಬಿಟ್ಟು ಕೆಳಗಿಳಿದೆ. ಈ ಮನುಷ್ಯನಿಗೆ ಹೊಟ್ಟೆಕಿಚ್ಚು ಯಾಕೆ ಆಗುತ್ತಿಲ್ಲ? ಅವರಿಗೆ ಹೊಟ್ಟೆಕಿಚ್ಚಾಗದಿದ್ದರೆ ಅವನನ್ನು ತೆಗೆದುಕೊಂಡು ನಮಗೇನು ಪ್ರಯೋಜನ? ಆ ವಾರಾಂತ್ಯ ಪೂರ್ತಿ ಇದೇ ಯೋಚನೆ. ಹೆಂಡತಿ ಕೇಳಿದಳು, "ಗೆದ್ದೆವು ಅಂತ ಹೇಳ್ತೀರಿ, ಮುಖ ಯಾಕೆ ಹೀಗಿದೆ?"

ಭಾನುವಾರ ಆಫೀಸಿಗೆ ಹೋಗಿ ಕಂಪ್ಯೂಟರ್ ತೆರೆದೆ. ಆ ವಾರ ಊರಿಗೆ ಹೊರಡುವವರ ಪಟ್ಟಿ ಬಂತು. ಎರಡನೇ ಹೆಸರೇ ಕೊಡಗಿನ ಫಾರ್ವರ್ಡನದು. ಅವನ ಮದುವೆ. ಎರಡು ತಿಂಗಳ ರಜೆ. ಟಿಕೆಟ್ ಮಾಡಿದವರು ಯಾರು ಅಂತ ನೋಡಿದೆ. ನಾನೇ! ಶ್ರಾವಣ ಕಳೆದ ಮೇಲೆ ಬಂದು ಮಾಡಿಸಿಕೊಂಡು ಹೋಗಿದ್ದ. ಮದುವೆಗೆ ಹೋಗುತ್ತಿದ್ದಾನಲ್ಲ ಅಂತ ಪ್ರೀತಿಯಿಂದ ಕಿಟಕಿ ಪಕ್ಕದ ಸೀಟು ಬೇರೆ ಹುಡುಕಿ ಕೊಟ್ಟಿದ್ದೆ.

ಸಂಜೆ ಮೆಟ್ಟಿಲಲ್ಲಿ ಇಂಜಿನಿಯರ್ ಸಿಕ್ಕಿದರು. "ಅವನು ರಜೆ ಹೋಗ್ತಾನೆ ಅಂತ ನಿಮಗೆ ಗೊತ್ತಿತ್ತಲ್ವಾ? ಹೇಳಬಾರದಿತ್ತಾ?" ಅಂತ ಎಗರಾಡಿದೆ.

ಅವರು ಪ್ರಾಮಾಣಿಕವಾಗಿ ಆಶ್ಚರ್ಯಪಟ್ಟರು. "ಟಿಕೆಟ್ ನೀವೇ ಮಾಡಿಕೊಟ್ರಿ ಅಂತ ಅವನೇ ಹೇಳಿದ್ನಲ್ರೀ. ಎಲ್ಲ ತಿಳಿದೂ ತಗೊಳ್ತಿದ್ದೀರಿ, ಏನು ದೊಡ್ಡ ಮನಸ್ಸು ಅಂದ್ಕೊಂಡೆ."

ಫ್ರಿಜ್ಜು

ಈ ಕಾಯಿಲೆ ಮನೆಯೊಳಗೂ ಬಂತು.

ಒಂದು ಸಲ ನಾನು ಮತ್ತು ಇಂಜಿನಿಯರ್ ನಮ್ಮ ಮನೆಯ ಹಾಲಿನಲ್ಲಿ ಯಾರನ್ನು ಕೊಟ್ಟು ಯಾರನ್ನು ತೆಗೆದುಕೊಳ್ಳಬೇಕು ಅಂತ ಎರಡು ಗಂಟೆಯಿಂದ ಕಚ್ಚಾಡುತ್ತಿದ್ದೆವು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಗೋಳಿಬಜೆ ಕರಿಯುತ್ತಿದ್ದಳು. ಇಂಜಿನಿಯರ ಹೆಂಡತಿ ಪಕ್ಕದಲ್ಲಿ ನಿಂತು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದರು. ನಾವು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಒಳಗಿನ ಮಾತು ಸ್ಪಷ್ಟವಾಗಿ ಕೇಳಿತು.

"ನಿಮ್ಮವರು ತರಕಾರಿ ಹೆಚ್ಚಿಕೊಡ್ತಾರಂತೆ?" ನನ್ನ ಹೆಂಡತಿಯ ದನಿ.

"ಹೂಂ, ಹೆಚ್ತಾರೆ. ಪಾತ್ರೆನೂ ತೊಳೀತಾರೆ. ಆದ್ರೆ ಎಲ್ಲದಕ್ಕೂ ಲೆಕ್ಚರ್."

"ನಮ್ಮವರು ಲೆಕ್ಚರ್ ಕೊಡೋದಿಲ್ಲ. ಬೇರೆ ಏನೂ ಮಾಡೋದಿಲ್ಲ. ನಾವೂ ಒಂದು ಗುರುವಾರ ಬದಲಾಯಿಸ್ಕೊಳ್ಳೋಣವಾ?"

ಇಬ್ಬರೂ ನಕ್ಕರು. ನಾವಿಬ್ಬರೂ ನಗಲಿಲ್ಲ. ಇಂಜಿನಿಯರ್ ಸೋಫಾದ ಮೇಲೆ ನೆಟ್ಟಗೆ ಕೂತರು. ಅವರ ಮುಖದಲ್ಲಿ ಸಣ್ಣ ಹೆಮ್ಮೆ ಕಂಡದ್ದು ನನ್ನಿಂದ ಸಹಿಸಲಾಗಲಿಲ್ಲ.

"ಅಯ್ಯೋ, ಹಾಗೆ ಸುಮ್ಮನೆ ಕೊಡೋಕಾಗುತ್ತಾ?" ಅಂದರು ಇಂಜಿನಿಯರ ಹೆಂಡತಿ. "ಪಾತ್ರೆ ತೊಳೆಯೋರನ್ನ ಕೊಟ್ಟು ಏನೂ ಮಾಡದೇ ಇರೋರನ್ನ ತಗೊಂಡ್ರೆ ನಮಗೆ ಲಾಸಲ್ವಾ?"

"ಸರಿ, ಇವರ ಜೊತೆ ನಮ್ಮ ಫ್ರಿಜ್ಜನ್ನೂ ಕೊಡ್ತೇನೆ. ಎರಡು ಬಾಗಿಲಿಂದು. ಹೋದ ತಿಂಗಳು ತಗೊಂಡದ್ದು."

ಫ್ರಿಜ್ಜಿನ ಬಾಗಿಲು ತೆಗೆದು ನೋಡಿದ ಸದ್ದು. ತಮಾಷೆ ಅಂತ ಗೊತ್ತಿದ್ದರೂ ಆ ಕ್ಷಣಕ್ಕೆ ನನ್ನ ಮರ್ಯಾದೆಯೆಲ್ಲ ಆ ತಾಯಿಯ ಉತ್ತರದ ಮೇಲೆ ನಿಂತಿತ್ತು.

"ಫ್ರಿಜ್ ಒಂದನ್ನೇ ಕಳಿಸೋ ಹಾಗಿದ್ರೆ ಹೇಳಿ," ಅಂದರು ಅವರು.

ಮೂಲೆಯಲ್ಲಿ ಕೂತು ಓದುತ್ತಿದ್ದ ನನ್ನ ಮಗಳು ಪುಸ್ತಕದಿಂದ ತಲೆ ಎತ್ತದೆ, "ಫೇರ್ ಡೀಲ್, ಅಪ್ಪಾ" ಅಂದಳು. ಐವತ್ತೊಂದನೇ ವಯಸ್ಸಿನಲ್ಲಿ ನನಗೆ ಒಂದು ಫ್ರಿಜ್ಜಿನ ಮೇಲೆ ಹೊಟ್ಟೆಕಿಚ್ಚಾಯಿತು.

ಬ್ಯಾಕ್

ಕೊನೆಯದು ಹೋದ ಚಳಿಗಾಲದ್ದು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಕುವೈತಿನ ಕನ್ನಡಿಗರಿಗೆಲ್ಲ ಗೊತ್ತಾಗಿಹೋಗಿರುವುದರಿಂದ ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ.

ಆ ವರ್ಷ ಸೀಸನ್ ತಡವಾಗಿ ಶುರುವಾಗಿ ಆಟಗಳನ್ನು ಮೊಟಕು ಮಾಡಿದ್ದರಿಂದ ಖಲಾಸ್ ಗುರುವಾರದ ಮಾರನೇ ದಿನವೇ ಸೆಮಿಫೈನಲ್. ಒಂದು ಮೈದಾನದಲ್ಲಿ ಶುವೈಖ್‌ಗೂ ಶುಐಬಾಗೂ, ಪಕ್ಕದ ಮೈದಾನದಲ್ಲಿ ನಮಗೂ ಬ್ಯಾಂಕಿನವರಿಗೂ. ಗುರುವಾರ ನಾಲ್ಕು ಗಂಟೆಗೆ ನನ್ನ ಫೋನು ಹೊಡೆದುಕೊಂಡಿತು. ಗ್ಯಾರೇಜ್ ಮೇಸ್ತ್ರಿ.

"ಅಣ್ಣಾ, ನೀವು ನಮ್ಮ ಟೀಮಿಗೆ ಬರಬೇಕು."

ನಾನು ಕುರ್ಚಿಯಿಂದ ಎದ್ದು ನಿಂತೆ. "ಯಾರು, ನಾನಾ?"

"ಹೌದು. ನಿಮ್ಮ ಹೆಸರು ಹಸಿರು ಟೀಮಿನ ಪಟ್ಟಿಯಲ್ಲಿ ಇನ್ನೂ ಇದೆ."

ಇತ್ತು, ನಿಜ. ಅದನ್ನು ತೆಗೆಯಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವನನ್ನು ಕೇಳಿದರು, ಇವನನ್ನು ಕೇಳಿದರು ಅಂತ ಬರೀ ಬೇರೆಯವರ ಸುದ್ದಿ ಕೇಳಿ ಕೇಳಿ ಉರಿದುಕೊಂಡವನು ನಾನು. ನನ್ನನ್ನು ಬೇಕು ಅಂತ ಕೇಳಿ ಬಂದ ಮೊದಲ ಫೋನು ಇದು.

"ಮಂಡಿ ಸ್ವಲ್ಪ ತೊಂದರೆ," ಅಂದೆ.

"ಅದೇನೂ ಅಡ್ಡಿಯಿಲ್ಲ ಅಣ್ಣಾ."

"ಪೊಸಿಷನ್ ಎಲ್ಲಿ?"

"ಹಿಂದೆ. ಪೂರಾ ಹಿಂದೆ."

ಫುಲ್ ಬ್ಯಾಕ್! ನನ್ನದೇ ಜಾಗ! "ನನಗೆ ಐದನೇ ನಂಬರಿನ ಜೆರ್ಸಿ ಬೇಕಾಗ್ತದೆ," ಅಂದೆ ಗತ್ತಿನಿಂದ. ಮೇಸ್ತ್ರಿ ಸ್ವಲ್ಪ ತಡೆದು, "ಜೆರ್ಸಿ ಎಂತಕೆ... ಆಯ್ತು, ಬೇಕಾದ್ರೆ ಕೊಡುವ" ಅಂದರು. ನಮ್ಮ ಮ್ಯಾನೇಜರು ಗುಂಪಿನಲ್ಲಿ 'ಒಪ್ಪಿಗೆ' ಬರೆಯಲು ಎಷ್ಟು ಹೊತ್ತು ತೆಗೆದುಕೊಂಡರು ಅನ್ನುವುದನ್ನು ಹೇಳಿದರೆ ನನಗೇ ನಾಚಿಕೆ. ನಾನು ಫೋನು ಇಡುವಷ್ಟರಲ್ಲಿ ಬರೆದಾಗಿತ್ತು.

ಆ ಸಂಜೆ ನಾನು ಮೆಟ್ಟಿಲು ಹತ್ತಿದ ರೀತಿಯೇ ಬೇರೆ. ಇಂಜಿನಿಯರ್ ಕಾಫಿ ಲೋಟ ಬಾಯಿಗಿಡುವವರಿದ್ದರು, ಅದು ಅಲ್ಲೇ ನಿಂತಿತು.

"ನಿಮ್ಮನ್ನಾ? ಆಡೋದಕ್ಕಾ?"

"ಹೂಂ. ಬ್ಯಾಕ್."

ಕೊನೆಗೂ ಆ ಮುಖದಲ್ಲಿ ನಾನು ವರ್ಷಗಟ್ಟಲೆ ಕಾದದ್ದು ಕಾಣಿಸಿತು. ಅಪ್ಪಟ ಹೊಟ್ಟೆಕಿಚ್ಚು. ನಾನು ಕೆಳಗಿಳಿದ ಮೇಲೆ ಅವರು ತಮ್ಮ ಟೀಮಿನ ಮ್ಯಾನೇಜರಿಗೆ ಫೋನ್ ಮಾಡಿ, "ನನ್ನನ್ನೇನಾದ್ರೂ ಯಾರಾದ್ರೂ ಕೇಳಿದ್ರಾ?" ಅಂತ ವಿಚಾರಿಸಿದರಂತೆ. ಆಮೇಲೆ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಕಟ್ಟಡಕ್ಕೆ ಮೂರು ಸುತ್ತು ಓಡಿದರಂತೆ. ಇದನ್ನು ಅವರ ಹೆಂಡತಿಯೇ ಹೇಳಿದ್ದು.

ಶುಕ್ರವಾರ ಬೆಳಿಗ್ಗೆ ಮಂಡಿಗೆ ಪಟ್ಟಿ ಕಟ್ಟಿ, ಐದನೇ ನಂಬರಿನ ಕೆಂಪು ಜೆರ್ಸಿ ತೊಟ್ಟು, ಸ್ಟಿಕ್ ಹೆಗಲಿಗೇರಿಸಿ ಮೈದಾನಕ್ಕೆ ಹೋದೆ. ಮೇಸ್ತ್ರಿ ಸ್ಟಿಕ್ ನೋಡಿ ಗಾಬರಿಯಾದರು.

"ಇದು ಎಂತಕೆ ಅಣ್ಣಾ?"

"ಮತ್ತೆ ಆಡೋದು ಹೇಗೆ?"

ಅವರು ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೇ ಮನುಷ್ಯ, ನೋಯಿಸಬಾರದು ಅಂತ ಬಹಳ ಮೆಲ್ಲಗೆ ಹೇಳಿದರು. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ನೀವು ಕೂತು ಕೂಗಿದ ಟೀಮು ಈ ಸೀಸನ್ನಲ್ಲಿ ಒಂದು ಮ್ಯಾಚೂ ಗೆದ್ದಿಲ್ಲ. ನಾವು ನೋಡ್ತಾ ಇದ್ದೇವೆ. ನಿಮಗೆ ಜ್ವರ ಬಂದಿತ್ತಲ್ಲ, ಅವತ್ತು ಹಸಿರಿನವರು ಐದು ಗೋಲು ಹೊಡೆದರು. ಈಗ ನೀವು ನಮ್ಮವರು. ಹೋಗಿ ನೀಲಿಯವರ ಗೋಲಿನ ಹಿಂದೆ ಕೂತ್ಕೊಳ್ಳಿ. ಪೂರಾ ಹಿಂದೆ. ಅವರೇ ಗೆಲ್ಲಲಿ ಅಂತ ಜೋರಾಗಿ ಕೂಗಿ. ಅಷ್ಟೇ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮನೆಗೆ ಹೋಗಿಬಿಡೋಣ ಅಂದುಕೊಂಡೆ. ಆದರೆ ಏನೇ ಆಗಲಿ, ಬೇಕು ಅಂತ ಕರೆದಿದ್ದಾರೆ, ಮಾತು ಕೊಟ್ಟಿದ್ದೇನೆ. ಸ್ಟಿಕ್ಕನ್ನು ಕಾರಿನಲ್ಲಿಟ್ಟೆ. ಚಳಿ ಇತ್ತು, ಜಾಕೆಟ್ ತೊಟ್ಟು ಕತ್ತಿನವರೆಗೆ ಜಿಪ್ ಎಳೆದೆ. ಹೋಗಿ ನೀಲಿಯವರ ಗೋಲಿನ ಹಿಂದೆ ಇಂಜಿನಿಯರ ಪಕ್ಕದಲ್ಲೇ ಕೂತೆ.

"ಆಡಿಸ್ಲಿಲ್ವಾ?" ಅಂದರು.

"ಮಂಡಿ," ಅಂದೆ.

"ನಮ್ಮ ಟೀಮಿಗೆ ಕೂಗೋಕೆ ಬಂದ್ರಾ?"

"ಹೂಂ."

ಆ ಮನುಷ್ಯ ಕರಗಿಹೋದರು. ಥರ್ಮಾಸಿನಿಂದ ತಮ್ಮ ಪಾಲಿನ ಕಾಫಿಯನ್ನೂ ನನಗೇ ಬಗ್ಗಿಸಿಕೊಟ್ಟರು. ನನಗೆ ಕೊಟ್ಟ ಕೆಲಸವನ್ನು ನಿಯತ್ತಾಗಿ ಮಾಡಿದೆ. ಗಂಟಲು ಹರಿಯುವ ಹಾಗೆ "ಶುಐಬಾ, ಶುಐಬಾ" ಅಂತ ಕೂಗಿದೆ.

ಶುಐಬಾ ಒಂದು ಗೋಲು ಹೊಡೆಯಿತು. ಇಂಜಿನಿಯರ್ ನನ್ನನ್ನು ತಬ್ಬಿಕೊಂಡರು. ಎರಡನೆಯದೂ ಬಿತ್ತು. ಮತ್ತೆ ತಬ್ಬಿದರು. ಅತ್ತ ಮೇಸ್ತ್ರಿ ನನ್ನ ಕಡೆ ತಿರುಗಿ, ಇನ್ನೂ ಜೋರಾಗಿ ಕೂಗು ಅಂತ ಕೈಸನ್ನೆ ಮಾಡಿದರು. ಕೂಗಿದೆ. ಮೂರನೇ ಗೋಲು. ಆಟ ಮುಗಿಯಿತು. ಶುವೈಖ್ ಮೂರು ಸೊನ್ನೆಯಿಂದ ಸೋತಿತ್ತು.

ಮೇಸ್ತ್ರಿ ಓಡಿಬಂದರು. "ಕೂತದ್ದು ಸರಿಯಾದ ಜಾಗದಲ್ಲಿ. ಕೂಗಿದ್ದೂ ಸರಿ. ಮತ್ತೆ ಹೇಗೆ?"

ಅಷ್ಟರಲ್ಲಿ ಇಂಜಿನಿಯರ್ ಸಂತೋಷ ತಡೆಯಲಾರದೆ ಮತ್ತೊಮ್ಮೆ ನನ್ನನ್ನು ತಬ್ಬಿ ಎತ್ತಿದರು. ಅವರ ವಾಚು ನನ್ನ ಜಿಪ್ಪಿಗೆ ಸಿಕ್ಕಿಕೊಂಡಿತು. ಕೆಳಗೆ ಇಳಿಸುವಾಗ ಜಿಪ್ಪು ಸರ್ರನೆ ಹೊಟ್ಟೆಯವರೆಗೆ ಬಂತು. ಒಳಗೆ ಕೆಂಪು ಜೆರ್ಸಿ, ಎದೆಯ ಮೇಲೆ ಐದನೇ ನಂಬರು.

ಮೇಸ್ತ್ರಿ ತಲೆಯ ಮೇಲೆ ಎರಡೂ ಕೈ ಹೊತ್ತುಕೊಂಡರು. "ಅದನ್ನು ಒಳಗೆ ಹಾಕ್ಕೊಂಡು ಕೂತದ್ದಾ ಮಾರಾಯ್ರೆ! ಕೂಗಿದ್ದು ಅವರಿಗೆ, ಕೂತದ್ದು ನಮ್ಮ ಟೀಮಾಗಿ!"

ಇಂಜಿನಿಯರ್ ಒಂದು ಸಲ ಜೆರ್ಸಿ ನೋಡಿದರು, ಒಂದು ಸಲ ಮೇಸ್ತ್ರಿಯನ್ನು ನೋಡಿದರು. ಓದಿದವರು, ಎಲ್ಲ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇನ್ನು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಅಂದುಕೊಂಡೆ.

ಆಗಲೇ ಪಕ್ಕದ ಮೈದಾನದಿಂದ ಕೂಗು ಕೇಳಿತು. ನಮ್ಮ ಮಿರ್ಕಾಬ್ ಬ್ಯಾಂಕಿನವರನ್ನು ಸೋಲಿಸಿ ಎಷ್ಟೋ ವರ್ಷಗಳ ಮೇಲೆ ಫೈನಲ್ಲಿಗೆ ಬಂದಿತ್ತು. ನಾನಿಲ್ಲದೆ. ಮುಂದಿನ ಶುಕ್ರವಾರ ಮಿರ್ಕಾಬಿಗೂ ಶುಐಬಾಗೂ ಫೈನಲ್.

ಇಂಜಿನಿಯರ್ ನನ್ನ ಜಾಕೆಟ್ಟಿನ ಜಿಪ್ಪನ್ನು ತಾವೇ ನಿಧಾನವಾಗಿ ಮೇಲಕ್ಕೆಳೆದು, ಹೆಗಲ ಮೇಲಿನ ಧೂಳು ಕೊಡವಿ, ಹೆತ್ತ ತಾಯಿಯ ದನಿಯಲ್ಲಿ ಹೇಳಿದರು:

"ನಿಮ್ಮ ಹಳೇ ಹಸಿರು ಜೆರ್ಸಿ ಇದೆಯಲ್ಲ, ಅದನ್ನ ಮೇಲಕ್ಕೆ ಕಳಿಸಿ. ಫೈನಲ್ ದಿನಕ್ಕೆ ನಾನೇ ಇಸ್ತ್ರಿ ಮಾಡಿ ಕೊಡ್ತೀನಿ ಕಣ್ರೀ."